ಸೈಕಲ್ ಸವಾರನಿಗೆ ಮೋಟಾರು ಗುದ್ದಿದರೆ ಪರಿಹಾರ ಪಡೆಯುವ ಬಗೆ



ಕಬ್ಬು ಅರೆಯುವ ಕಾಲ ಬಂದಿತೆಂದರೆ ನಮ್ಮ ಭಾರತೀನಗರದ ಸುತ್ತಿನ ರಸ್ತೆಗಳು ಹೇಗಿರುತ್ತವೆ ಎಂಬುದನ್ನು ನಿಮಗೆ ಬಿಡಿಸಿ ಹೇಳಬೇಕಾದುದಿಲ್ಲ. ಮದ್ದೂರಿನ ಕಡೆಯಿಂದ, ಮಳವಳ್ಳಿಯ ಕಡೆಯಿಂದ, ಮಂಡ್ಯದ ಕಡೆಯಿಂದ ಕಾರ್ಖಾನೆಗೆ ಬರುವ ಟ್ರಾಕ್ಟರುಗಳು, ಲಾರಿಗಳು, ಎತ್ತಿನ ಗಾಡಿಗಳು ಒಂದರ ಹಿಂದೊಂದು ಸಾಲುಗಟ್ಟಿರುತ್ತವೆ. ಅದೇ ರಸ್ತೆಯ ಅಂಚಿನಲ್ಲಿ ಡೇರಿಗೆ ಹಾಲು ಒಯ್ಯುವವನ ಸೈಕಲ್ಲು, ಗದ್ದೆಗೆ ನೀರು ಕಟ್ಟಲು ಹೋಗುವವನ ಸೈಕಲ್ಲು, ಶಾಲೆಯಿಂದ ಬರುವ ಮಕ್ಕಳ ಸೈಕಲ್ಲು. ಟ್ರೈಲರಿನ ಹಿಂದೆ ಕೆಂಪು ದೀಪವಿರುವುದಿಲ್ಲ, ಸೈಕಲ್ಲಿಗೂ ಇರುವುದಿಲ್ಲ. ಮಬ್ಬುಗತ್ತಲೆಯಲ್ಲಿ ಗುದ್ದಾಟವಾಗುವುದಕ್ಕೆ ಇನ್ನೇನು ಬೇಕು?

ಅಪಘಾತವಾದ ಮೇಲೆ ನಮ್ಮ ಹಳ್ಳಿಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಒಂದೇ ಬಗೆ. ಗುದ್ದಿದವನು ಪಕ್ಕದೂರಿನವನೇ ಆಗಿರುತ್ತಾನೆ, ಎಷ್ಟೋ ವೇಳೆ ನೆಂಟನೂ ಆಗಿರುತ್ತಾನೆ. ಹಿರಿಯರು ನಾಲ್ವರು ಸೇರಿ, "ಹೋಗ್ಲಿ ಬಿಡಪ್ಪ, ನಮ್ಮೋರೇ ಅಲ್ವಾ, ಸ್ಟೇಷನ್ನು ಕೋರ್ಟು ಯಾಕೆ" ಎಂದು 5 ಸಾವಿರವನ್ನೋ 10 ಸಾವಿರವನ್ನೋ ಕೊಡಿಸಿ ರಾಜಿ ಮಾಡಿಸುತ್ತಾರೆ. ಆ ಹೊತ್ತಿಗೆ ಅದು ಸರಿಯಾಗಿಯೇ ಕಾಣುತ್ತದೆ. ಆದರೆ ಮೂಳೆ ಮುರಿದ ಕಾಲು ನಾಲ್ಕು ತಿಂಗಳಾದರೂ ಮಡಿಸಲು ಬಾರದೆ ಹೋದಾಗ, ಕೆಸರಿಗೆ ಇಳಿಯಲಾಗದೆ ನಾಟಿಗೆಲ್ಲ ಆಳು ಇಡಬೇಕಾಗಿ ಬಂದಾಗ, ಆ 10 ಸಾವಿರ ಎಲ್ಲಿಗೆ ಸಾಲುತ್ತದೆ? ರಾಜಿ ಮಾಡಿಸಿದ ಹಿರಿಯರು ಆಗ ಏನು ತಾನೇ ಮಾಡಿಯಾರು?

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತೆಗೆಯಬೇಕಾಗಿದೆ. ಪರಿಹಾರ ಕೇಳಿದರೆ ಗುದ್ದಿದವನ ಮನೆ ಹಾಳಾಗುತ್ತದೆಂದು ನಮ್ಮ ಜನ ಹಿಂಜರಿಯುತ್ತಾರೆ. ರಸ್ತೆಗೆ ಇಳಿಯುವ ಪ್ರತಿಯೊಂದು ಮೋಟಾರು ವಾಹನಕ್ಕೂ ಹೊರಗಿನವರಿಗೆ ಆಗುವ ನಷ್ಟ ತುಂಬಿಕೊಡುವ ವಿಮೆ ಇರಲೇಬೇಕೆಂದು 1988ರ ಮೋಟಾರು ವಾಹನಗಳ ಕಾಯಿದೆ ಹೇಳುತ್ತದೆ. ಇದನ್ನೇ ಥರ್ಡ್ ಪಾರ್ಟಿ ವಿಮೆ ಎನ್ನುವುದು. ವಿಮೆ ಸರಿಯಾಗಿದ್ದರೆ ಹಣ ಬರುವುದು ವಿಮಾ ಕಂಪನಿಯಿಂದ, ನಿಮ್ಮ ನೆಂಟನ ಕಿಸೆಯಿಂದಲ್ಲ. ಅವನು ವರ್ಷವರ್ಷವೂ ಪ್ರೀಮಿಯಂ ಕಟ್ಟಿದ್ದು ಇದಕ್ಕಾಗಿಯೇ. ಚಾಲಕನ ಮೇಲೆ ಕ್ರಿಮಿನಲ್ ಕೇಸು ಆಗುತ್ತದೆ ನಿಜ. ಆದರೆ ಪರಿಹಾರದ ಅರ್ಜಿ ಅದರಿಂದ ಬೇರೆಯದು, ಬೇರೆ ಕಡೆ ನಡೆಯುವಂಥದು.

ಈಗ ಆಸ್ಪತ್ರೆಯ ವಿಷಯ. ನನ್ನ ಅಭಿಪ್ರಾಯದಲ್ಲಿ ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇಲ್ಲ. ಆದುದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಗಾಯಾಳುವನ್ನು 108ರ ಆಂಬುಲೆನ್ಸಿನಲ್ಲಿ ಆಗಲಿ, ಸಿಕ್ಕಿದ ಗಾಡಿಯಲ್ಲಿ ಆಗಲಿ ಒಡನೆಯೇ ಆಸ್ಪತ್ರೆಗೆ ಸೇರಿಸಿರಿ. ಹಾಗೆ ಸೇರಿಸಿದವರಿಗೆ ಪೋಲೀಸರ ಕಾಟವಾಗುತ್ತದೆಂಬ ಹೆದರಿಕೆ ಬೇಡ. ಸಹಾಯ ಮಾಡಿದವನನ್ನು ರಕ್ಷಿಸಲು ಕರ್ನಾಟಕದಲ್ಲಿ 2016ರ ಕಾಯಿದೆಯೇ ಇದೆ. ಕೇಂದ್ರದ ಕಾಯಿದೆಯಲ್ಲಿಯೂ ಆಮೇಲೆ ಅದು ಸೇರಿದೆ. ಆಸ್ಪತ್ರೆಗೆ ಹೋದ ಕೂಡಲೇ ಡಾಕ್ಟರು, "ಏನಾಯಿತು?" ಎಂದು ಕೇಳಿ ಬರೆದುಕೊಳ್ಳುತ್ತಾರೆ. ನಮ್ಮವರು ಪೋಲೀಸು ಗೀಲೀಸು ಬೇಡವೆಂದು, "ಸೈಕಲ್ಲಿಂದ ಬಿದ್ದ ಸ್ವಾಮಿ" ಎಂದು ಬಿಡುತ್ತಾರೆ. ಅಷ್ಟೇ! ಆ ಒಂದು ಮಾತು ಆಸ್ಪತ್ರೆಯ ಪುಸ್ತಕದಲ್ಲಿ ಕೂತುಬಿಡುತ್ತದೆ. ವರ್ಷದ ಮೇಲೆ ವಿಮಾ ಕಂಪನಿಯ ವಕೀಲರು ಅದೇ ಪುಟವನ್ನು ತೆಗೆದು, "ಇವನು ತಾನೇ ಬಿದ್ದವನು, ಟ್ರಾಕ್ಟರಿನ ಕಥೆ ಆಮೇಲೆ ಹೆಣೆದದ್ದು" ಎಂದು ವಾದಿಸುತ್ತಾರೆ. ಅದನ್ನು ಅಳಿಸುವುದು ಬಲು ಕಷ್ಟ. ಆದುದರಿಂದ ಇದ್ದದ್ದನ್ನು ಇದ್ದ ಹಾಗೆ ಹೇಳಿರಿ: ಎಲ್ಲಿ, ಎಷ್ಟು ಹೊತ್ತಿಗೆ, ಯಾವ ವಾಹನ, ಯಾವ ಕಡೆಯಿಂದ ಬಂದು ಗುದ್ದಿತು. ಗಾಯಾಳುವಿಗೆ ಎಚ್ಚರವಿಲ್ಲದಿದ್ದರೆ ಕಂಡವರು ಹೇಳಲಿ. ಕಾಣದವರು ಊಹಿಸಿ ಹೇಳುವುದು ಬೇಡ. ಇಂತಹ ಗಾಯವನ್ನು ಆಸ್ಪತ್ರೆಯವರು ಎಂ.ಎಲ್.ಸಿ. ಎಂದು ದಾಖಲಿಸಿ ಠಾಣೆಗೆ ತಿಳಿಸತಕ್ಕದ್ದು. ಹಾಗೆ ದಾಖಲಾಯಿತೇ ಎಂದು ಕೇಳಿ ಖಚಿತಪಡಿಸಿಕೊಳ್ಳಿರಿ.

ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಹೋಗಲಿ, ಮೈಸೂರಿಗೆ ಹೋಗಲಿ, ಎಕ್ಸ್‌ರೇ ಪಟ, ಔಷಧದ ಬಿಲ್ಲು, ಬಿಡುಗಡೆಯ ಚೀಟಿ ಇವುಗಳಲ್ಲಿ ಒಂದನ್ನೂ ಬಿಸಾಡಬಾರದು. ಬಿತ್ತನೆ ಬೀಜದ ಚೀಲದ ಚೀಟಿಯನ್ನು ಬೆಳೆ ಕೈಗೆ ಬರುವವರೆಗೆ ಇಟ್ಟುಕೊಳ್ಳಿರೆಂದು ನಾವು ಹೇಳುವುದಿಲ್ಲವೇ, ಇದೂ ಹಾಗೆಯೇ. ಬಾಡಿಗೆ ಕಾರಿಗೆ ಕೊಟ್ಟ ಹಣಕ್ಕೂ ರಸೀದಿ ಬರೆಸಿಕೊಳ್ಳಿರಿ. ಚಿಕಿತ್ಸೆಯ ಹಣದ ಚಿಂತೆಗೂ ಒಂದಿಷ್ಟು ದಾರಿಯಾಗಿದೆ: 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಯೋಜನೆಯಂತೆ, ಮೋಟಾರು ವಾಹನದಿಂದ ರಸ್ತೆಯಲ್ಲಿ ಗಾಯಗೊಂಡವನಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿವಸಗಳವರೆಗೆ 1 ಲಕ್ಷ 50 ಸಾವಿರ ರೂಪಾಯಿ ಮೀರದಂತೆ ನಗದು ಕೇಳದೆ ಚಿಕಿತ್ಸೆ ಮಾಡತಕ್ಕದ್ದು. ಸೇರಿಸುವಾಗಲೇ ಈ ಸೌಲಭ್ಯ ಅಲ್ಲಿ ಉಂಟೇ ಎಂದು ಕೇಳಿರಿ.

ಆಸ್ಪತ್ರೆಯ ಕೆಲಸ ನಡೆಯುತ್ತಿರುವಾಗಲೇ ಮನೆಯವರಲ್ಲಿ ಒಬ್ಬರು ಠಾಣೆಗೆ ಹೋಗಿ ದೂರು ಬರೆದುಕೊಡಬೇಕು. ಅಪಘಾತ ಯಾವ ಠಾಣೆಯ ಸರಹದ್ದಿನಲ್ಲಿ ನಡೆಯಿತೋ ಅದೇ ಠಾಣೆ, ಕೆ.ಎಂ.ದೊಡ್ಡಿಯ ಹತ್ತಿರವಾದರೆ ಕೆ.ಎಂ.ದೊಡ್ಡಿ ಠಾಣೆ. ವಾಹನದ ನಂಬರು ಮುಖ್ಯ. ಟ್ರಾಕ್ಟರಾದರೆ ಎಂಜಿನ್ನಿನ ನಂಬರು ಬೇರೆ, ಟ್ರೈಲರಿನ ನಂಬರು ಬೇರೆ, ಎರಡನ್ನೂ ಗುರುತುಮಾಡಿಕೊಳ್ಳಿರಿ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಫೋನಿದೆ. ಬಿದ್ದ ಸೈಕಲ್ಲು, ನಿಂತ ವಾಹನ, ರಸ್ತೆಯ ಗುರುತು ಇವುಗಳ ಪಟ ತೆಗೆದಿಟ್ಟರೆ ನಾಳೆ ಬಾಯಿಮಾತಿನ ಜಗಳವಿರುವುದಿಲ್ಲ. ಮುರಿದ ಸೈಕಲ್ಲನ್ನು ಪೋಲೀಸರು ನೋಡುವ ಮೊದಲೇ ರಿಪೇರಿಗೆ ಕೊಡಬೇಡಿರಿ. ದೂರು ದಾಖಲಾದ ಮೇಲೆ ಎಫ್.ಐ.ಆರ್. ಪ್ರತಿಯನ್ನು ದೂರು ಕೊಟ್ಟವರಿಗೆ ಬಿಟ್ಟಿಯಾಗಿ ಕೊಡತಕ್ಕದ್ದು. ಅದಕ್ಕೆ ಯಾರಿಗೂ ಕಾಸು ಕೊಡಬೇಕಾಗಿಲ್ಲ. ಗಾಯಾಳುವಿನ ಓಡಾಟದಲ್ಲಿ ದೂರು ಎರಡು ದಿನ ತಡವಾದರೆ ಕೈಚೆಲ್ಲಿ ಕೂರಬೇಡಿರಿ. ದೂರು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಲಾಗದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ಏಕೆ ತಡವಾಯಿತೆಂಬುದನ್ನು ದೂರಿನಲ್ಲಿಯೇ ಬರೆಯಿರಿ.

2022ರ ಏಪ್ರಿಲ್ 1ರಿಂದ ಬಂದಿರುವ ನಿಯಮಗಳಂತೆ, ಪೋಲೀಸರು ಅಪಘಾತದ ಮೊದಲ ವರದಿಯನ್ನು 48 ಗಂಟೆಗಳೊಳಗೆ, ವಿವರವಾದ ವರದಿಯನ್ನು 90 ದಿನಗಳೊಳಗೆ ಪರಿಹಾರದ ನ್ಯಾಯಮಂಡಳಿಗೆ ಕಳಿಸತಕ್ಕದ್ದು. ನ್ಯಾಯಮಂಡಳಿ ಆ ವರದಿಯನ್ನೇ ಅರ್ಜಿಯೆಂದು ತೆಗೆದುಕೊಳ್ಳಬಹುದು. ಹೀಗಿದ್ದರೂ ಪೋಲೀಸರು ಕಳಿಸುತ್ತಾರೆಂದು ನಂಬಿ ನೀವು ಸುಮ್ಮನೆ ಕೂರುವುದು ಜಾಣತನವಲ್ಲ. ಸ್ವಂತ ಅರ್ಜಿಯನ್ನು ಹಾಕಿಯೇ ಬಿಡುವುದು ಮೇಲು.

ಎಷ್ಟು ದಿನದೊಳಗೆ? ಆರು ತಿಂಗಳು. ಇದನ್ನು ಕೇಳಿ ಕೆಲವು ಹಿರಿಯರು ತಲೆಯಾಡಿಸುವರು: "ನಮ್ಮೂರಿನಲ್ಲಿ ಮೂರು ವರ್ಷವಾದ ಮೇಲೂ ಹಾಕಿ ದುಡ್ಡು ತಂದವರುಂಟು." ಅವರ ಮಾತು ಸುಳ್ಳಲ್ಲ. 1994ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ ಕಾಲಮಿತಿಯನ್ನೇ ತೆಗೆದುಹಾಕಿದ್ದರು. ಆದರೆ 2019ರ ತಿದ್ದುಪಡಿ ಅದನ್ನು ಮತ್ತೆ ತಂದಿತು. ಅದು ಜಾರಿಗೆ ಬಂದದ್ದು 2022ರ ಏಪ್ರಿಲ್ 1ರಂದು. ಈ ಮಿತಿಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿಗಳು ಹೋಗಿ, ಕಾಲ ಮೀರಿತೆಂಬ ಕಾರಣದಿಂದ ಕ್ಲೇಮುಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಮಧ್ಯಂತರ ಆಜ್ಞೆಯಾಯಿತು. ಮಧ್ಯಂತರ ಆಜ್ಞೆ ಎಂದರೆ ಕಟ್ಟಕಡೆಯ ತೀರ್ಪಲ್ಲ. ನಾಲೆಯಲ್ಲಿ ನೀರು ಬರುವುದೋ ಬಾರದೋ ಎಂದಿರುವಾಗ ಯಾರೂ ಒಟ್ಟಲು ಬಿಡುವುದನ್ನು ಮುಂದಕ್ಕೆ ಹಾಕುತ್ತಾ ಕೂರುವುದಿಲ್ಲ. ಆರು ತಿಂಗಳೊಳಗೇ ಹಾಕಿರಿ.

ಅರ್ಜಿ ಹಾಕುವುದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಬೇರೆ ಕಟ್ಟಡ ಹುಡುಕಬೇಕಾಗಿಲ್ಲ; ಮಂಡ್ಯದ ಜಿಲ್ಲಾ ನ್ಯಾಯಾಲಯದಲ್ಲಿಯೂ, ಮದ್ದೂರು ಮಳವಳ್ಳಿಗಳ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳಲ್ಲಿಯೂ ಈ ಕೆಲಸ ನಡೆಯುತ್ತದೆ. ಅಪಘಾತ ನಡೆದ ಸ್ಥಳ, ಗಾಯಾಳು ವಾಸವಾಗಿರುವ ಸ್ಥಳ, ಎದುರುದಾರ ಇರುವ ಸ್ಥಳ ಇವುಗಳಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು. ಆದುದರಿಂದ ಕೂಲಿಗೆ ಬೆಂಗಳೂರಿಗೆ ಹೋಗಿದ್ದವನು ಅಲ್ಲಿ ಗಾಯಗೊಂಡರೂ, ವಾಸ ಇಲ್ಲಿಯಾದರೆ ಅರ್ಜಿಯನ್ನು ಇಲ್ಲಿಯೇ ಹಾಕಬಹುದು. ವಾಹನದ ಮಾಲೀಕ, ಚಾಲಕ, ವಿಮಾ ಕಂಪನಿ ಈ ಮೂವರೂ ಎದುರುದಾರರು. ಸರ್ಕಾರಿ ಸಾರಿಗೆ ಬಸ್ಸಾದರೆ ಸಾರಿಗೆ ಸಂಸ್ಥೆಯೇ ಕೊಡಬೇಕಾದುದು. ಗಾಯಗೊಂಡವನು ಹುಡುಗನಾದರೆ ಅಪ್ಪನೋ ಅವ್ವನೋ ಅವನ ಪರವಾಗಿ ಹಾಕುತ್ತಾರೆ.

ಇನ್ನು ಎಷ್ಟು ಸಿಗುತ್ತದೆ ಎಂಬ ಪ್ರಶ್ನೆ. ಔಷಧದ ಖರ್ಚು, ಓಡಾಟದ ಖರ್ಚು, ನೋವು, ಆರೈಕೆಗೆ ನಿಂತವರ ಕೂಲಿ, ಮಲಗಿದ್ದ ತಿಂಗಳುಗಳ ದುಡಿಮೆ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಅಂಗ ಊನವಾಗಿ ಉಳಿದರೆ ಮುಂದಿನ ದುಡಿಮೆಯ ನಷ್ಟವೂ ಸೇರುತ್ತದೆ. ದೊಡ್ಡ ಮೊಬಲಗು ಇದೇ. ಒಂದು ಲೆಕ್ಕ ಹಾಕಿ ನೋಡೋಣ. ಕೂಲಿ ಮಾಡುವ 38 ವರ್ಷದವನೊಬ್ಬ ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದನೆಂದೂ, ಕಾಲಿನ ಊನದಿಂದ ಅವನ ದುಡಿಯುವ ಶಕ್ತಿಯಲ್ಲಿ ನೂರಕ್ಕೆ 20 ಭಾಗ ಹೋಯಿತೆಂದೂ ಇಟ್ಟುಕೊಳ್ಳಿ. 40 ವರ್ಷದೊಳಗಿನವನಾದ್ದರಿಂದ ಮುಂದೆ ಹೆಚ್ಚಬಹುದಾಗಿದ್ದ ವರಮಾನವೆಂದು ನೂರಕ್ಕೆ 40ರಂತೆ 4,800 ಸೇರಿಸುತ್ತಾರೆ. ತಿಂಗಳಿಗೆ 16,800 ಆಯಿತು. ವರ್ಷಕ್ಕೆ 2,01,600. ವಯಸ್ಸಿಗೆ ತಕ್ಕಂತೆ ಇದನ್ನು ಗುಣಿಸಬೇಕು. 36ರಿಂದ 40 ವಯಸ್ಸಿನವರಿಗೆ 15 ಎಂದು ಸುಪ್ರೀಂ ಕೋರ್ಟು 2009ರಲ್ಲಿ ಗೊತ್ತುಮಾಡಿದೆ. ಗುಣಿಸಿದರೆ 30,24,000. ಅದರಲ್ಲಿ ನೂರಕ್ಕೆ 20 ಭಾಗ ಎಂದರೆ 6,04,800 ರೂಪಾಯಿ. ಆಸ್ಪತ್ರೆಯ ಖರ್ಚು, ನೋವಿನ ಪರಿಹಾರ ಇದರ ಮೇಲೆ ಬೇರೆ. ರಸ್ತೆ ಬದಿಯ 10 ಸಾವಿರದ ರಾಜಿಯನ್ನು ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿರಿ.

ಈ ಲೆಕ್ಕದಲ್ಲಿ ಎರಡು ಅಂಕಿಗಳ ಮೇಲೆ ಜಗಳ ನಡೆಯುತ್ತದೆ. ಒಂದು, ವರಮಾನ. ರೈತನಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಆದರೂ ದಾಖಲೆಗಳಿಲ್ಲದೆ ಇಲ್ಲ. ಡೇರಿಯ ಹಾಲಿನ ಪುಸ್ತಕ, ಕಾರ್ಖಾನೆಗೆ ಕಬ್ಬು ಹಾಕಿದ ಚೀಟಿ, ರೇಷ್ಮೆಗೂಡು ಮಾರಿದ ರಸೀದಿ, ಬ್ಯಾಂಕಿನ ಪಾಸ್‌ಬುಕ್ಕು, ಪಹಣಿ ಎಲ್ಲವೂ ಉಪಯೋಗಕ್ಕೆ ಬರುತ್ತವೆ. "ಜಮೀನು ಎಲ್ಲಿಗೂ ಹೋಗಿಲ್ಲವಲ್ಲ, ನಷ್ಟ ಎಲ್ಲಿಂದ ಬಂತು?" ಎಂದು ಎದುರು ವಕೀಲರು ಕೇಳುವುದು ರೂಢಿ. ಜಮೀನು ಇದೆ ನಿಜ, ಅದನ್ನು ಮಾಡುವ ಕೈಕಾಲು ಹೋಯಿತು. ಗಾಯವಾದ ದಿನದಿಂದ ಉಳುಮೆಗೆ, ನಾಟಿಗೆ, ಕಟಾವಿಗೆ ಹೆಚ್ಚಾಗಿ ಕೊಟ್ಟ ಆಳುಕೂಲಿಯ ಲೆಕ್ಕವನ್ನು ತಾರೀಖು ಹಾಕಿ ಬರೆದಿಟ್ಟರೆ ಇದಕ್ಕೆ ಉತ್ತರ ಸಿಕ್ಕಿತು. ಏನೂ ದಾಖಲೆ ಇಲ್ಲದ ಕೂಲಿಕಾರನನ್ನೂ ಕೋರ್ಟು ಬರಿಗೈಯಲ್ಲಿ ಕಳಿಸುವುದಿಲ್ಲ. ನಮ್ಮ ರಾಜ್ಯದ ಕಾನೂನು ಸೇವೆಗಳ ಪ್ರಾಧಿಕಾರ ವರ್ಷವಾರು ಅಂದಾಜು ವರಮಾನದ ಒಂದು ಪಟ್ಟಿ ಮಾಡಿದೆ. ಕೋರ್ಟುಗಳು ಅದನ್ನು ನೋಡುವುದುಂಟು. ಮಕ್ಕಳಿಗೆ ದುಡಿಮೆಯೇ ಇಲ್ಲವಲ್ಲ ಎಂಬುದೂ ಅಡ್ಡಿಯಲ್ಲ, ಅವರಿಗೂ ಅಂದಾಜು ವರಮಾನ ಕಟ್ಟುತ್ತಾರೆ.

ಎರಡನೆಯದು, ಊನ ಎಷ್ಟು ಎಂಬುದು. ಇದು ಡಾಕ್ಟರು ಬರೆಯುವ ಅಂಕಿ ಮಾತ್ರವಲ್ಲ. ಆ ಊನದಿಂದ ನಿಮ್ಮ ಕಸುಬಿಗೆ ಎಷ್ಟು ಪೆಟ್ಟು ಬಿತ್ತು ಎಂಬುದನ್ನು ಕೋರ್ಟು ನೋಡಬೇಕು. ನಮ್ಮ ರಾಜ್ಯದಿಂದಲೇ ಹೋದ ಒಂದು ಮೊಕದ್ದಮೆ ಇದಕ್ಕೆ ಸಾಕ್ಷಿ. 2008ರಲ್ಲಿ ಅಪಘಾತವಾಗಿ ಒಂದು ಕಾಲು ಕಳೆದುಕೊಂಡ ತರಕಾರಿ ವ್ಯಾಪಾರಿಯೊಬ್ಬನ ವಿಷಯದಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿತು. ತರಕಾರಿ ಮಾರುವುದೆಂದರೆ ಒಂದೆಡೆ ಕೂತು ಮಾರುವುದಷ್ಟೇ ಅಲ್ಲ, ಸಗಟು ಮಾರುಕಟ್ಟೆಯಿಂದಲೋ ರೈತರಿಂದಲೋ ಕೊಂಡು ತರಬೇಕು, ಗಾಡಿ ತಳ್ಳಿ ತಿರುಗಬೇಕು ಎಂದು ವಿವರಿಸಿ, ಅವನ ದುಡಿಮೆಯ ನಷ್ಟವನ್ನು ನೂರಕ್ಕೆ 85 ಎಂದು ಹಿಡಿಯಿತು. ಮಡಿಸಲಾಗದ ಮಂಡಿ ಕುರ್ಚಿಯ ಮೇಲೆ ಕೂತು ಬರೆಯುವವನಿಗೆ ಒಂದು ತೊಂದರೆ, ಕೆಸರುಗದ್ದೆಯಲ್ಲಿ ಬಗ್ಗಿ ನಿಲ್ಲಬೇಕಾದವನಿಗೆ ಬೇರೆಯೇ ತೊಂದರೆ. ಇದನ್ನು ನಿಮ್ಮ ವಕೀಲರಿಗೆ ಬಿಡಿಸಿ ಹೇಳಿರಿ. ಚಿಕಿತ್ಸೆ ಮಾಡಿದ ಡಾಕ್ಟರೇ ಬಂದು ಸಾಕ್ಷಿ ಹೇಳಿದರೆ ಬೆಲೆ ಹೆಚ್ಚು.

ತಪ್ಪು ಸೈಕಲ್ಲಿನವನದೂ ಇದ್ದರೆ ಅಷ್ಟು ಭಾಗ ಕಳೆಯುತ್ತಾರೆ. 4 ಲಕ್ಷದ ಪರಿಹಾರದಲ್ಲಿ ಕಾಲು ಭಾಗ ತಪ್ಪು ನಿಮ್ಮದೆಂದಾದರೆ ಕೈಗೆ ಬರುವುದು 3 ಲಕ್ಷ. ದೀಪವಿಲ್ಲದೆ ರಾತ್ರಿ ಹೋಗುವುದು, ತಿರುವಿನಲ್ಲಿ ನೋಡದೆ ಅಡ್ಡ ಬರುವುದು ಇವೆಲ್ಲ ಇಲ್ಲಿ ಎದ್ದು ಬರುತ್ತವೆ. ಬೆಂಗಳೂರು ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಟ್ರಾಕ್ಟರು, ಸೈಕಲ್ಲುಗಳಿಗೆ ಪ್ರವೇಶವಿಲ್ಲವೆಂಬುದನ್ನು ಮದ್ದೂರಿನ ಕಡೆಗೆ ಹೋಗುವವರು ನೆನಪಿಡಬೇಕು. ಪಕ್ಕದ ಸರ್ವಿಸ್ ರಸ್ತೆಯಲ್ಲಿಯೇ ಹೋಗತಕ್ಕದ್ದು. ತಪ್ಪು ಯಾರದು ಎಂಬ ಗೋಜೇ ಬೇಡವೆಂದರೆ ಇನ್ನೊಂದು ಕಲಮಿದೆ, 164ನೆಯದು. ಅದರಲ್ಲಿ ಮೂಳೆ ಮುರಿತದಂತಹ ತೀವ್ರ ಗಾಯಕ್ಕೆ 2 ಲಕ್ಷ 50 ಸಾವಿರ, ಸಾವಿಗೆ 5 ಲಕ್ಷ. ಆದರೆ ಇದನ್ನು ಒಪ್ಪಿ ತೆಗೆದುಕೊಂಡ ಮೇಲೆ ದೊಡ್ಡ ಅರ್ಜಿ ಬಿದ್ದುಹೋಗುತ್ತದೆ. ಪೂರ್ತಿ ವಾಸಿಯಾಗುವ ಗಾಯಕ್ಕೆ ಇದು ಒಳ್ಳೆಯ ದಾರಿ. ಊನ ಉಳಿಯುವಂತಿದ್ದರೆ ವಕೀಲರನ್ನು ಕೇಳದೆ ಸಹಿ ಮಾಡಬೇಡಿರಿ.

ಗುದ್ದಿದ ವಾಹನ ಸಿಗದೆ ಓಡಿಹೋದರೆ? ಆಗಲೂ ಠಾಣೆಯ ದೂರು ಬೇಕೇ ಬೇಕು. ನಂತರ ಉಪವಿಭಾಗಾಧಿಕಾರಿಗಳಿಗೆ ಅಥವಾ ತಹಶೀಲ್ದಾರರಿಗೆ ಅರ್ಜಿ ಕೊಟ್ಟರೆ ತೀವ್ರ ಗಾಯಕ್ಕೆ 50 ಸಾವಿರ, ಸಾವಾದರೆ 2 ಲಕ್ಷ ಸಿಗುವ ಏರ್ಪಾಡು 2022ರಿಂದ ಇದೆ. ಓಡಿಹೋದ ವಾಹನದ ಬದಲಿಗೆ ವಿಮೆ ಇರುವ ಯಾರದೋ ಬೈಕನ್ನು ತಂದು ತೋರಿಸೋಣವೆಂದು ಹೇಳಿಕೊಡುವವರು ಇದ್ದಾರೆ. ಅಂಥವರ ಮಾತು ಕೇಳಿದರೆ ಪರಿಹಾರವೂ ಹೋಗಿ, ಮೋಸದ ಕೇಸೂ ಮೈಮೇಲೆ ಬರುತ್ತದೆ.

ಎತ್ತಿನ ಗಾಡಿ ತಾಗಿ ಬಿದ್ದರೆ, ಎರಡು ಸೈಕಲ್ಲುಗಳೇ ಗುದ್ದಾಡಿಕೊಂಡರೆ, ನಾಯಿ ಅಡ್ಡ ಬಂದು ಬಿದ್ದರೆ ಈ ಕಾಯಿದೆ ಸಹಾಯಕ್ಕೆ ಬಾರದು. ಮೋಟಾರು ವಾಹನ ಇರಲೇಬೇಕು. ಅಂತಹುದಕ್ಕೆ ಮನೆಯಲ್ಲಿಯೇ ಒಂದು ರಕ್ಷೆ ಮಾಡಿಟ್ಟುಕೊಳ್ಳಬಹುದು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಹಿಡಿದುಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ಬೀಮಾ ಯೋಜನೆ 18ರಿಂದ 70 ವಯಸ್ಸಿನವರಿಗೆ ಇದೆ. ಅಪಘಾತದಲ್ಲಿ ಸಾವಾದರೆ 2 ಲಕ್ಷ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ. ಬರಿಯ ಮೂಳೆ ಮುರಿತಕ್ಕೆ ಇದರಲ್ಲಿ ಏನೂ ಇಲ್ಲ.

ಟ್ರಾಕ್ಟರು ಇಟ್ಟಿರುವ ರೈತರಿಗೆ ಒಂದೆರಡು ಮಾತು. ವಿಮೆಯ ತಾರೀಖು ಮುಗಿದಿದ್ದ ದಿನ ಅಪಘಾತವಾದರೆ ಲಕ್ಷಗಟ್ಟಲೆ ಹಣ ನಿಮ್ಮಿಂದಲೇ ವಸೂಲಾಗುತ್ತದೆ. ಲೈಸೆನ್ಸಿಲ್ಲದ ಹುಡುಗನ ಕೈಗೆ ಕೊಟ್ಟಿದ್ದರೆ, ಕಂಪನಿ ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ನಿಮ್ಮ ಮೇಲೆ ಬರಬಹುದು. ಟ್ರೈಲರಿಗೂ ವಿಮೆ ಮಾಡಿಸಿರಿ, ಹಿಂಬದಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿರಿ. ಆ ಪಟ್ಟಿಯ ಬೆಲೆ ಒಂದು ಚೀಲ ಗೊಬ್ಬರದ ಬೆಲೆಗಿಂತ ಹೆಚ್ಚಲ್ಲ.

ನಾನು ಕೃಷಿ ಓದಿದವನು, ವಕೀಲನಲ್ಲ. ಮೊಕದ್ದಮೆಗೆ ವಕೀಲರು ಬೇಕು. ಆಸ್ಪತ್ರೆಯ ಮಂಚದ ಹತ್ತಿರವೇ ಬಂದು ಬಿಳಿ ಹಾಳೆಗೆ ಸಹಿ ಕೇಳುವ ಏಜೆಂಟರನ್ನು ದೂರವಿಡಿರಿ. ಬರುವ ಹಣದಲ್ಲಿ ಇಂತಿಷ್ಟು ಪಾಲು ಎಂದು ಕರಾರು ಮಾಡಿಕೊಳ್ಳುವುದು ವಕೀಲರ ನಿಯಮಗಳಂತೆ ನಿಷಿದ್ಧ; ಫೀಜನ್ನು ಮೊದಲೇ ಮಾತಾಡಿಕೊಳ್ಳಿರಿ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು ಇವರಿಗೆ ವರಮಾನ ನೋಡದೆಯೂ, ಉಳಿದವರಿಗೆ ವರಮಾನದ ಮಿತಿಯೊಳಗಿದ್ದರೂ ಸರ್ಕಾರದ ವತಿಯಿಂದ ವಕೀಲರನ್ನು ಬಿಟ್ಟಿಯಾಗಿ ಕೊಡುತ್ತಾರೆ. ಇದಕ್ಕೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿಯಲ್ಲಿ ಕೇಳಬೇಕು. ಅದು ಕೋರ್ಟಿನ ಆವರಣದಲ್ಲಿಯೇ ಇರುತ್ತದೆ. ಫೋನಿನಲ್ಲಿ ವಿಚಾರಿಸುವುದಾದರೆ 15100 ನಂಬರಿಗೆ ಮಾಡಿರಿ. ಲೋಕ ಅದಾಲತ್ತಿನಲ್ಲಿ ಒಪ್ಪಂದಕ್ಕೆ ಕರೆದಾಗ ಹೋಗಿರಿ, ಆದರೆ ಮೇಲಿನ ಲೆಕ್ಕವನ್ನು ಚೀಟಿಯಲ್ಲಿ ಬರೆದು ಕೈಯಲ್ಲಿಟ್ಟುಕೊಂಡು ಹೋಗಿರಿ. ನ್ಯಾಯಮಂಡಳಿಯ ತೀರ್ಪು ಕಡಮೆಯೆನಿಸಿದರೆ 90 ದಿನಗಳೊಳಗೆ ಹೈಕೋರ್ಟಿಗೆ ಅಪೀಲು ಹೋಗಬಹುದು.